ಪಿನೊಚೆ ಕೊಟ್ಟ ಪ್ರಜಾಪ್ರಭುತ್ವ ಎಂಬ ಕಟ್ಟುಕಥೆ

ಕನ್ನಡದ ಚರ್ಚೆಗಳಲ್ಲಿ ಚಿಲಿ ದೇಶದ ಹೆಸರು ಎತ್ತುವವರು ಎರಡು ಬಗೆ. ಪಾಬ್ಲೊ ನೆರೂಡನ ಕವಿತೆ ಓದಿದವರು ಒಂದು ಬಗೆ. ರಾಜಕಾರಣಿಗಳ ಆಟ ನೋಡಿ ರೋಸಿಹೋಗಿ 'ಈ ದೇಶಕ್ಕೆ ಹತ್ತು ವರ್ಷ ಮಿಲಿಟರಿ ಆಡಳಿತ ಬರಬೇಕು ಕಣ್ರೀ' ಎನ್ನುವವರು ಇನ್ನೊಂದು ಬಗೆ. ಈ ಎರಡನೆಯವರಿಗೆ ಉದಾಹರಣೆ ಬೇಕಾದಾಗ ಪಕ್ಕದ ಪಾಕಿಸ್ತಾನವಾಗಲಿ ಮ್ಯಾನ್ಮಾರ್ ಆಗಲಿ ನೆನಪಾಗುವುದಿಲ್ಲ, ಚಿಲಿ ನೆನಪಾಗುತ್ತದೆ. ಜನರಲ್ ಪಿನೊಚೆ ಬಂದ, ಕಮ್ಯುನಿಸ್ಟರನ್ನು ಮಟ್ಟಹಾಕಿದ, ಹಾಳಾಗಿದ್ದ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಿದ, ಕೊನೆಗೆ ಜನರನ್ನೇ ಕೇಳಿ ಮರ್ಯಾದೆಯಾಗಿ ಕುರ್ಚಿ ಬಿಟ್ಟ ಎಂಬುದು ಅವರ ಕಥೆ. ಈಚೆಗೆ ಇದಕ್ಕೊಂದು ಬಾಲವೂ ಸೇರಿದೆ. ಹೊಸ ಸಂವಿಧಾನದ ಕರಡುಗಳನ್ನು ಜನ ತಿರಸ್ಕರಿಸಿದರು, 2025ರ ಡಿಸೆಂಬರ್‌ನಲ್ಲಿ ಪಿನೊಚೆಯನ್ನು ಹೊಗಳಿದ್ದ ಹೊಸೆ ಅಂತೊನಿಯೊ ಕಾಸ್ತ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಅಲ್ಲಿಗೆ ಇತಿಹಾಸದ ತೀರ್ಪು ಬಂದಾಯಿತಲ್ಲ ಎನ್ನುತ್ತಾರೆ.

ಈ ಕಥೆಯಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಬಿಡಿಸಿ ನೋಡೋಣ.

1973ರ ಸೆಪ್ಟೆಂಬರ್‌ನ ಸೇನಾ ದಂಗೆಯನ್ನು ಬಿಟ್ಟು ಬೇರೆ ದಾರಿಯೇ ಇರಲಿಲ್ಲ ಎಂಬುದರಿಂದ ಶುರುಮಾಡುತ್ತೇನೆ. ಆಗಿನ ಎಡಪಂಥೀಯ ಅಧ್ಯಕ್ಷ ಸಾಲ್ವದೋರ್ ಅಯೆಂದೆಯ ಆಳ್ವಿಕೆ ಸುಗಮವಾಗಿತ್ತು ಎಂದು ನಾನು ವಾದಿಸುವುದಿಲ್ಲ. 1970ರಲ್ಲಿ ಅವನು ಗೆದ್ದದ್ದು ಶೇ. 36ರಷ್ಟು ಮತದಿಂದ. 1973ರ ಹೊತ್ತಿಗೆ ಹಣದುಬ್ಬರ ಕೈಮೀರಿತ್ತು, ಅಂಗಡಿಗಳ ಮುಂದೆ ಕ್ಯೂ ಬೆಳೆದಿತ್ತು, ಲಾರಿ ಮಾಲೀಕರು ಮುಷ್ಕರ ಹೂಡಿದ್ದರು. ಸರ್ಕಾರ ಸಂವಿಧಾನ ಮೀರುತ್ತಿದೆ ಎಂದು ಸಂಸತ್ತಿನ ಕೆಳಮನೆ ಆಗಸ್ಟ್ 22ರಂದು ನಿರ್ಣಯ ಮಾಡಿದ್ದೂ ನಿಜ. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಸಂಸತ್ ಚುನಾವಣೆ ನಡೆದು, ಅಷ್ಟೆಲ್ಲ ಕಷ್ಟದ ನಡುವೆಯೂ ಆಳುವ ಕೂಟಕ್ಕೆ ಶೇ. 44ರಷ್ಟು ಮತ ಬಂದಿತ್ತು. ಅಧ್ಯಕ್ಷನನ್ನು ಇಳಿಸಲು ಬೇಕಾದ ಮೂರನೇ ಎರಡರಷ್ಟು ಬಲ ವಿರೋಧ ಪಕ್ಷಗಳಿಗೆ ಸಿಗಲಿಲ್ಲ. ಮುಂದಿನ ಅಧ್ಯಕ್ಷೀಯ ಚುನಾವಣೆ 1976ಕ್ಕೆ ಇತ್ತು. ಕಾಯುವುದೂ ಒಂದು ದಾರಿಯೇ.

ಸೇನೆಯೊಳಗೇ ಹಾಗೆ ನಂಬಿದವರಿದ್ದರು. 1970ರಲ್ಲಿ ಸೇನಾ ಮುಖ್ಯಸ್ಥನಾಗಿದ್ದ ರೆನೆ ಷ್ನೈಡರ್, ಗೆದ್ದವರು ಅಧಿಕಾರ ವಹಿಸಿಕೊಳ್ಳಲು ಸೇನೆ ಅಡ್ಡಬರಬಾರದು ಎಂದು ಪಟ್ಟು ಹಿಡಿದ; ಅವನನ್ನು ಅಪಹರಿಸಲು ಬಂದವರ ಗುಂಡಿಗೆ ಸತ್ತ. ಅವನ ನಂತರ ಬಂದ ಕಾರ್ಲೋಸ್ ಪ್ರಾತ್ಸ್ 1973ರ ಜೂನ್‌ನಲ್ಲಿ ಟ್ಯಾಂಕು ತಂದ ಬಂಡಾಯಗಾರರನ್ನು ತಾನೇ ಬೀದಿಗಿಳಿದು ಅಡಗಿಸಿದ. ಆಗಸ್ಟ್‌ನಲ್ಲಿ ಒತ್ತಡ ತಾಳಲಾರದೆ ರಾಜೀನಾಮೆ ಕೊಟ್ಟ. ಅವನ ಜಾಗಕ್ಕೆ ಬಂದವನೇ ಪಿನೊಚೆ. ಒಂದು ವರ್ಷದ ಮೇಲೆ ಬ್ಯೂನಸ್ ಐರಿಸ್‌ನಲ್ಲಿ ಪಿನೊಚೆಯ ಗುಪ್ತ ಪೊಲೀಸರು ಇಟ್ಟ ಕಾರ್ ಬಾಂಬಿಗೆ ಪ್ರಾತ್ಸ್ ಮತ್ತು ಅವನ ಹೆಂಡತಿ ಬಲಿಯಾದರು. ಸೇನೆ ದೇಶವನ್ನು ಕಾಪಾಡಿತು ಎನ್ನುವವರು ಈ ಇಬ್ಬರು ಜನರಲ್‌ಗಳ ಹೆಸರನ್ನು ಎತ್ತುವುದೇ ಇಲ್ಲ. ದಂಗೆಯನ್ನು ಸ್ವಾಗತಿಸಿದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ನಾಯಕರ ಗತಿಯನ್ನೂ ಎತ್ತುವುದಿಲ್ಲ. ಸೇನೆ ಬೇಗ ಚುನಾವಣೆ ಮಾಡಿಸಿ ಬ್ಯಾರಕ್ಕಿಗೆ ಮರಳುತ್ತದೆ ಎಂದು ಅವರು ಎಣಿಸಿದ್ದರು. ಬದಲಿಗೆ ಸಂಸತ್ತು ಮುಚ್ಚಿತು, ಮತದಾರರ ಪಟ್ಟಿ ನಾಶವಾಯಿತು, 1977ರಲ್ಲಿ ಅವರ ಪಕ್ಷವೇ ನಿಷೇಧಕ್ಕೊಳಗಾಯಿತು.

ಆರ್ಥಿಕ ಪವಾಡದ ಮಾತಿಗೆ ಲೆಕ್ಕದಲ್ಲೇ ಉತ್ತರವಿದೆ. ಪಿನೊಚೆಯ ಕಾಲದಲ್ಲಿ ಚಿಲಿಯ ಉತ್ಪನ್ನ 1975ರಲ್ಲಿ ಒಮ್ಮೆ, 1982ರಲ್ಲಿ ಮತ್ತೊಮ್ಮೆ ಶೇ. 10ಕ್ಕಿಂತ ಹೆಚ್ಚು ಕುಸಿಯಿತು. ಎರಡನೆಯ ಕುಸಿತದಲ್ಲಿ ಐವರಲ್ಲಿ ಒಬ್ಬರಿಗೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಸರ್ಕಾರ ಎಲ್ಲದರಿಂದ ದೂರವಿರಬೇಕು ಎಂದು ಬೋಧಿಸಿದ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿತ ಅರ್ಥಶಾಸ್ತ್ರಜ್ಞರಾದ 'ಶಿಕಾಗೊ ಹುಡುಗರ' ಸರ್ಕಾರವೇ 1983ರ ಜನವರಿಯಲ್ಲಿ ದೊಡ್ಡ ಖಾಸಗಿ ಬ್ಯಾಂಕುಗಳನ್ನು ಕೈಗೆ ತೆಗೆದುಕೊಳ್ಳಬೇಕಾಯಿತು. ಖಜಾನೆ ತುಂಬಿಸಿದ ತಾಮ್ರದ ಗಣಿಗಳೋ, 1971ರಲ್ಲಿ ಸಂಸತ್ತು ಸರ್ವಾನುಮತದಿಂದ ರಾಷ್ಟ್ರೀಕರಿಸಿದವು. ಅವನ್ನು ಪಿನೊಚೆ ಮಾರಲಿಲ್ಲ. ಏಕೆ ಮಾರುತ್ತಾನೆ? ಸರ್ಕಾರಿ ತಾಮ್ರದ ಮಾರಾಟದಲ್ಲಿ ಶೇ. 10 ಭಾಗ ನೇರ ಸೇನೆಯ ಶಸ್ತ್ರಾಸ್ತ್ರ ಖರೀದಿಗೆ ಹೋಗಬೇಕೆಂಬ ಕಾನೂನಿತ್ತು. ಇದರಲ್ಲೊಂದು ತಮಾಷೆಯೂ ಇದೆ. 1981ರಲ್ಲಿ ದೇಶದ ಪಿಂಚಣಿಯನ್ನೆಲ್ಲ ಖಾಸಗಿ ಕಂಪನಿಗಳಿಗೆ ಒಪ್ಪಿಸಿದಾಗ ಸೈನಿಕರೂ ಪೊಲೀಸರೂ ಮಾತ್ರ ತಮ್ಮ ಹಳೆಯ ಸರ್ಕಾರಿ ಪಿಂಚಣಿಯನ್ನೇ ಉಳಿಸಿಕೊಂಡರು. ಹೊಸ ಪದ್ಧತಿ ಅಷ್ಟು ಶ್ರೇಷ್ಠವಾಗಿದ್ದರೆ ಅದನ್ನು ತಂದವರೇ ಯಾಕೆ ದೂರ ನಿಂತರೋ!

1987ರಲ್ಲಿ ಚಿಲಿಯ ಬಡವರ ಪ್ರಮಾಣ ಶೇ. 45ರ ಆಸುಪಾಸು. ಅದು ಶೇ. 20ರ ಹತ್ತಿರಕ್ಕೆ ಇಳಿದದ್ದು 2000ದ ಹೊತ್ತಿಗೆ, ಅಂದರೆ ಚುನಾಯಿತ ಸರ್ಕಾರಗಳ ಕಾಲದಲ್ಲಿ. ದೇಶ ಅತಿ ವೇಗವಾಗಿ ಬೆಳೆದದ್ದೂ 1990ರ ದಶಕದಲ್ಲೇ. ತಳಪಾಯ ಹಾಕಿದವನು ಅವನಲ್ಲವೇ ಎಂಬ ಮರುಪ್ರಶ್ನೆ ಬರುತ್ತದೆ. ತೆರೆದ ವ್ಯಾಪಾರವನ್ನೂ ಬಿಗಿಯಾದ ಬಜೆಟ್ಟನ್ನೂ ಹೊಸಬರು ಮುಂದುವರಿಸಿದ್ದು ಹೌದು. ಜತೆಗೆ ಅವರು 1990ರಲ್ಲೇ ತೆರಿಗೆ ಏರಿಸಿದರು, ಕನಿಷ್ಠ ಕೂಲಿ ಏರಿಸಿದರು, ಶಾಲೆ-ಆಸ್ಪತ್ರೆಗೆ ಹಣ ಹಾಕಿದರು. ತುರ್ತು ಪರಿಸ್ಥಿತಿಯಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು ಎಂದು ಈಗಲೂ ಸ್ಮರಿಸುವವರು ನಮ್ಮಲ್ಲಿದ್ದಾರೆ. ಅವರಿಗೆ ಇಂಥ ಲೆಕ್ಕ ರುಚಿಸುವುದಿಲ್ಲ.

ಈಗ ನನಗೆ ಹೆಚ್ಚು ಮುಖ್ಯವೆನಿಸುವ ವಾದಕ್ಕೆ ಬರುತ್ತೇನೆ. ಮಾನವ ಹಕ್ಕು ಸಂಘಗಳು, ಮಹಿಳಾ ಕೂಟಗಳು, ಎನ್‌ಜಿಒಗಳು ವಿದೇಶಿ ದುಡ್ಡಿನಲ್ಲಿ ಗದ್ದಲ ಮಾಡಿದವೇ ಹೊರತು ಪ್ರಜಾಪ್ರಭುತ್ವ ಮರಳಿದ್ದಕ್ಕೂ ಅವಕ್ಕೂ ಸಂಬಂಧವಿಲ್ಲ ಎಂಬ ವಾದ ಇದು. ವಿದೇಶಿ ದುಡ್ಡು ಬಂದದ್ದು ಸುಳ್ಳಲ್ಲ. ಯುರೋಪಿನ ಚರ್ಚುಗಳು, ಜಿನೀವಾದ ಜಾಗತಿಕ ಚರ್ಚುಗಳ ಒಕ್ಕೂಟ ಹಣ ಕೊಟ್ಟವು. ದಂಗೆಗೆ ಮುಂಚೆ ಅಯೆಂದೆಯ ವಿರೋಧಿಗಳಿಗೂ 'ಎಲ್ ಮೆರ್ಕೂರಿಯೊ' ಪತ್ರಿಕೆಗೂ ಸಿಐಎ ಹಣ ಸುರಿದದ್ದನ್ನು ಅಮೆರಿಕದ ಸೆನೆಟ್ ಸಮಿತಿಯೇ 1975ರಲ್ಲಿ ದಾಖಲಿಸಿದೆ. ವಿದೇಶಿ ದುಡ್ಡಿನ ಮಾತು ಎತ್ತುವವರು ಎರಡೂ ಕಡೆಯ ಲೆಕ್ಕ ತೆಗೆಯಲಿ.

ಆ ಹಣದಿಂದ ಆದ ಕೆಲಸ ಯಾವುದು? 1973ರ ಅಕ್ಟೋಬರ್‌ನಲ್ಲಿ, ದಂಗೆಯಾಗಿ ಒಂದು ತಿಂಗಳೂ ತುಂಬುವ ಮುಂಚೆ, ಕ್ಯಾಥೊಲಿಕ್, ಲೂಥರನ್, ಮೆಥಡಿಸ್ಟ್, ಯಹೂದಿ ಧರ್ಮಗುರುಗಳು ಕೂಡಿ ಶಾಂತಿ ಸಮಿತಿಯೊಂದನ್ನು ಕಟ್ಟಿದರು. ಗಂಡನನ್ನು ಎಳೆದೊಯ್ದರು, ಮಗ ಮನೆಗೆ ಬರಲಿಲ್ಲ ಎನ್ನುತ್ತ ಬಂದವರಿಗೆ ಅದೊಂದೇ ಬಾಗಿಲು. ಪಿನೊಚೆ 1975ರ ಕೊನೆಯಲ್ಲಿ ಅದನ್ನು ಮುಚ್ಚಿಸಿದ. ಕಾರ್ಡಿನಲ್ ರಾಉಲ್ ಸಿಲ್ವಾ ಹೆನ್ರೀಕೆಸ್ 1976ರ ಜನವರಿಯಲ್ಲಿ ಅದೇ ಕೆಲಸವನ್ನು ಚರ್ಚಿನ ಒಂದು ಅಂಗವಾಗಿ, 'ವಿಕರೀಯ ದೆ ಲಾ ಸೊಲಿದಾರಿದಾದ್' ಎಂಬ ಹೆಸರಿನಲ್ಲಿ, ಸ್ಯಾಂಟಿಯಾಗೊದ ಮುಖ್ಯ ಚೌಕದ ಕೆಥೆಡ್ರಲ್ ಪಕ್ಕದಲ್ಲಿ ತೆರೆದ. ಚರ್ಚನ್ನೇ ಮುಚ್ಚುವ ಧೈರ್ಯ, ತನ್ನನ್ನು ಕ್ರೈಸ್ತ ನಾಗರಿಕತೆಯ ರಕ್ಷಕ ಎಂದುಕೊಂಡ ಜನರಲ್‌ಗೆ ಬರಲಿಲ್ಲ.

ಅಲ್ಲಿನ ವಕೀಲರು ಕೋರ್ಟಿಗೆ ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ನ್ಯಾಯಾಧೀಶರು ಬೆರಳೆಣಿಕೆಯಷ್ಟನ್ನು ಬಿಟ್ಟು ಎಲ್ಲವನ್ನೂ ತಳ್ಳಿಹಾಕಿದರು. ತಳ್ಳಿಹಾಕುತ್ತಾರೆಂದು ಗೊತ್ತಿದ್ದೂ ಹಾಕಿದ್ದೇಕೆ? ಪ್ರತಿ ಅರ್ಜಿಯಲ್ಲೂ ಹೆಸರು, ತಾರೀಖು, ಬಂಧಿಸಿದ ಜಾಗ, ಕಂಡವರ ಸಾಕ್ಷ್ಯ ದಾಖಲಾಗುತ್ತಿತ್ತು. ಕೋರ್ಟಿನ ಮುದ್ರೆ ಬೀಳುತ್ತಿತ್ತು. ಹದಿನೇಳು ವರ್ಷದ ಆ ಕಡತಗಳು ಇಲ್ಲದಿದ್ದರೆ ಕೊಲೆಯಾದವರ, ಕಾಣೆಯಾದವರ ಪ್ರಕರಣಗಳ ವಿಚಾರಣೆಗೆ 1990ರಲ್ಲಿ ನೇಮಕವಾದ ರೆಟ್ಟಿಗ್ ಆಯೋಗ ಒಂದು ವರ್ಷದೊಳಗೆ ವರದಿ ಕೊಡುವುದು ಆಗದ ಮಾತಾಗಿತ್ತು. ಆಮೇಲೆ ಚಿತ್ರಹಿಂಸೆಯ ಪ್ರಕರಣಗಳನ್ನು ವಿಚಾರಿಸಿದ ವಲೆಚ್ ಆಯೋಗವನ್ನೂ ಸೇರಿಸಿ ಚಿಲಿ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡ ಬಾಧಿತರ ಸಂಖ್ಯೆ ಸುಮಾರು 40,000. ಅವರಲ್ಲಿ 3,000ಕ್ಕೂ ಹೆಚ್ಚು ಮಂದಿ ಕೊಲೆಯಾದವರು ಇಲ್ಲವೇ ಕಾಣೆಯಾದವರು.

ಕಾಣೆಯಾದವರೆಂದು ಹೇಳಲಾದ ಹಲವರು ಕಾನೂನಿನ ದೃಷ್ಟಿಯಲ್ಲಿ ಅಸ್ತಿತ್ವದಲ್ಲೇ ಇಲ್ಲ ಎಂದು ಪಿನೊಚೆ ಸರ್ಕಾರ 1975ರಲ್ಲಿ ವಿಶ್ವಸಂಸ್ಥೆಯೆದುರು ಹೇಳಿತ್ತು. 1978ರ ನವೆಂಬರ್‌ನಲ್ಲಿ ವಿಕರೀಯಕ್ಕೆ ಸುಳಿವು ಸಿಕ್ಕಿತು. ಒಬ್ಬ ಬಿಷಪ್, ಕೆಲವು ವಕೀಲರು, ಪತ್ರಕರ್ತರು ಸ್ಯಾಂಟಿಯಾಗೊದ ಹೊರಗಿನ ಲೊಂಕೇನ್ ಎಂಬಲ್ಲಿನ ಪಾಳು ಸುಣ್ಣದ ಗೂಡುಗಳಿಗೆ ಹೋಗಿ ಅಗೆದರು. ಹದಿನೈದು ಜನರ ಅವಶೇಷ ಸಿಕ್ಕಿತು. 1973ರ ಅಕ್ಟೋಬರ್‌ನಲ್ಲಿ ಪೊಲೀಸರು ಹಿಡಿದೊಯ್ದ ಹಳ್ಳಿಗರು ಅವರು; ಒಬ್ಬ ತಂದೆ ಮತ್ತು ಅವನ ನಾಲ್ವರು ಗಂಡುಮಕ್ಕಳು ಅವರಲ್ಲಿದ್ದರು. ಸರ್ಕಾರದ ಮಾತನ್ನು ಹೀಗೆ ಮಣ್ಣಿನಿಂದ ಅಗೆದು ಸುಳ್ಳು ಮಾಡಿದ್ದು ಗದ್ದಲವಾದರೆ, ಗದ್ದಲ ಯಾರಿಗೆ ಬೇಡವಾಗಿತ್ತು ಎಂದು ಕೇಳಬೇಕಾಗುತ್ತದೆ. 1985ರ ಮಾರ್ಚ್‌ನಲ್ಲಿ ವಿಕರೀಯದ ದಾಖಲೆ ವಿಭಾಗ ನೋಡಿಕೊಳ್ಳುತ್ತಿದ್ದ ಹೊಸೆ ಮನುಯೆಲ್ ಪರಾದಾ ಮತ್ತಿಬ್ಬರ ಕತ್ತು ಕೊಯ್ದ ಶವಗಳು ರಸ್ತೆ ಬದಿಯಲ್ಲಿ ಸಿಕ್ಕವು. ತನಿಖಾ ನ್ಯಾಯಾಧೀಶ ಪೊಲೀಸರ ಕಡೆಗೇ ಬೆರಳು ತೋರಿಸಿದಾಗ, ಆಳುವ ಸೇನಾ ಮಂಡಳಿ 'ಜುಂಟಾ'ದ ನಾಲ್ವರಲ್ಲಿ ಒಬ್ಬನಾದ ಪೊಲೀಸ್ ಮುಖ್ಯಸ್ಥ ಮೆಂದೋಸಾ ಹುದ್ದೆ ಬಿಡಬೇಕಾಯಿತು. ಪಿನೊಚೆಯ ವಿರುದ್ಧ ಬಂದೂಕು ಹಿಡಿದ ಗುಂಪುಗಳಿಂದ ಆಗದ್ದು ಕಡತದಿಂದ ಆಯಿತು.

ಕಾಣೆಯಾದವರ ಹೆಂಡಂದಿರು, ಅಕ್ಕತಂಗಿಯರು ವಿಕರೀಯದ ಆಸರೆಯಲ್ಲಿ ಕೂತು ಗೋಣಿ ಬಟ್ಟೆಯ ಮೇಲೆ ಹಳೆಯ ಬಟ್ಟೆಯ ಚೂರುಗಳನ್ನು ಹೊಲಿದು ಚಿತ್ರ ಮಾಡುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಆ ಕೈಕೆಲಸ ಕೂಡಲೇ ಗುರುತು ಸಿಗುತ್ತದೆ, ಅದರೊಳಗಿನ ಚಿತ್ರ ಮಾತ್ರ ಬೇರೆ: ಪೊಲೀಸ್ ವ್ಯಾನು, ನಲ್ಲಿ ಕಡಿದ ಮನೆ, 'ಎಲ್ಲಿದ್ದಾರೆ?' ಎಂಬ ಫಲಕ. 'ಅರ್ಪಿಯೆರಾ' ಎಂಬ ಇವು ಗುಟ್ಟಾಗಿ ದೇಶ ದಾಟಿ ಮಾರಾಟವಾಗಿ, ಹೊಲಿದವರ ಮನೆಗೆ ರೊಟ್ಟಿ ತಂದವು, ಹೊರಗಿನವರಿಗೆ ಸುದ್ದಿ ಮುಟ್ಟಿಸಿದವು. ಕೊಳೆಗೇರಿಗಳಲ್ಲಿ ಹತ್ತಾರು ಮನೆಯವರು ಇದ್ದಬದ್ದದ್ದನ್ನು ಸೇರಿಸಿ ಒಂದೇ ಹಂಡೆಯಲ್ಲಿ ಬೇಯಿಸಿ ಉಣ್ಣುವ ಕೂಟಗಳು ಎದ್ದವು. ಪಕ್ಷಗಳು ನಿಷೇಧವಾಗಿದ್ದಾಗ ಸಭೆ ಸೇರುವುದು, ಲೆಕ್ಕ ಇಡುವುದು, ಜಗಳ ಬಗೆಹರಿಸುವುದು ಇಂಥ ಕಡೆಯೇ ಉಳಿದುಕೊಂಡಿತ್ತು. 1983ರ ಮೇ 11ರಂದು ತಾಮ್ರದ ಕಾರ್ಮಿಕರ ಕರೆಗೆ ಓಗೊಟ್ಟು ಊರೂರಲ್ಲಿ ಪಾತ್ರೆ ಬಡಿದ ಪ್ರತಿಭಟನೆ ಇದ್ದಕ್ಕಿದ್ದಂತೆ ಆಕಾಶದಿಂದ ಬೀಳಲಿಲ್ಲ. (ಖಾಲಿ ಪಾತ್ರೆ ಬಡಿಯುವುದನ್ನು ಚಿಲಿಯ ರಾಜಕೀಯಕ್ಕೆ ತಂದವರು 1971ರಲ್ಲಿ ಅಯೆಂದೆಯ ವಿರುದ್ಧ ಬೀದಿಗಿಳಿದ ಸ್ಥಿತಿವಂತ ಮನೆಗಳ ಹೆಂಗಸರು. ಅದನ್ನೂ ಹೇಳಿಬಿಡುವುದು ಒಳ್ಳೆಯದು.)

ಪಿನೊಚೆ ತಾನಾಗಿ ಅಧಿಕಾರ ಬಿಟ್ಟ ಎನ್ನುವವರು 1988ರ ಜನಮತಗಣನೆಯ ಪ್ರಶ್ನೆಯನ್ನೇ ಓದಿಲ್ಲ. ಹೋಗಲೇ ಎಂದು ಅವನು ಕೇಳಿರಲಿಲ್ಲ. ಇನ್ನೂ ಎಂಟು ವರ್ಷ ಇರಲೇ ಎಂದು ಕೇಳಿದ್ದ, ಅಭ್ಯರ್ಥಿ ಅವನೊಬ್ಬನೇ. 1980ರಲ್ಲಿ ತನ್ನ ಸಂವಿಧಾನಕ್ಕೆ ಒಪ್ಪಿಗೆ ಪಡೆದಾಗ ಮತದಾರರ ಪಟ್ಟಿಯೇ ಇರಲಿಲ್ಲ, ಗೆದ್ದ. ಈ ಸಲವೂ ಗೆಲ್ಲುತ್ತೇನೆಂದು ನಂಬಿದ್ದ. ಲೆಕ್ಕ ತಪ್ಪಿಸಿದವರು ಮನೆಮನೆಗೆ ಹೋಗಿ ಹೆಸರು ನೋಂದಾಯಿಸಿದ ಸ್ವಯಂಸೇವಕರು. ಭಯದಲ್ಲಿದ್ದ ಜನರನ್ನು ಒಪ್ಪಿಸಿ 70 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಪಟ್ಟಿಗೆ ಸೇರಿಸಿದರು. ಟಿವಿಯಲ್ಲಿ ವಿರೋಧಿಗಳಿಗೆ ಸಿಕ್ಕಿದ್ದು ದಿನಕ್ಕೆ ಹದಿನೈದು ನಿಮಿಷ, ಅದೂ ರಾತ್ರಿ ತಡವಾಗಿ. ಮತಗಟ್ಟೆಗಳಲ್ಲಿ ಕೂತ ಪ್ರತಿನಿಧಿಗಳು ತಮ್ಮದೇ ಎಣಿಕೆಯನ್ನು ಕೇಂದ್ರಕ್ಕೆ ಮುಟ್ಟಿಸುತ್ತಿದ್ದರು.

ಅಕ್ಟೋಬರ್ 5ರ ಆ ರಾತ್ರಿ ಸರ್ಕಾರ ಮೊದಲು 'ಹೌದು' ಮುಂದಿದೆ ಎಂದಿತು, ಆಮೇಲೆ ಅಂಕಿ ಕೊಡುವುದನ್ನೇ ಎಳೆಯತೊಡಗಿತು. ವಿರೋಧಿಗಳ ಬಳಿ ಪರ್ಯಾಯ ಎಣಿಕೆ ಇಲ್ಲದಿದ್ದರೆ ಬೆಳಗಾಗುವುದರೊಳಗೆ ಏನು ಬೇಕಾದರೂ ಆಗಬಹುದಿತ್ತು. ನಡುರಾತ್ರಿಯ ಹೊತ್ತಿಗೆ ವಾಯುಪಡೆಯ ಮುಖ್ಯಸ್ಥ ಮತ್ತೇಯಿ, ಅಧ್ಯಕ್ಷರ ಅರಮನೆಯೊಳಗೆ ಕಾಲಿಡುವ ಮುಂಚೆಯೇ 'ಬೇಡ' ಗೆದ್ದಂತಿದೆ ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟ. ಒಳಗೆ ಪಿನೊಚೆ ವಿಶೇಷ ಅಧಿಕಾರ ಕೇಳಿದ. ಜುಂಟಾದ ಉಳಿದವರು ಒಪ್ಪಲಿಲ್ಲ. ಶೇ. 56 ಮತ 'ಬೇಡ' ಎಂದಿತ್ತು. ಇದನ್ನು ಸ್ವಇಚ್ಛೆಯ ನಿರ್ಗಮನ ಎನ್ನುವುದಾದರೆ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಪ್ರತಿಯೊಬ್ಬನೂ ತ್ಯಾಗಿಯೇ.

ಹೋದನೇ ಎಂದರೆ ಅದೂ ಇಲ್ಲ. 1998ರ ಮಾರ್ಚ್‌ವರೆಗೆ ಸೇನಾ ಮುಖ್ಯಸ್ಥನಾಗಿ ಉಳಿದ, ಆಮೇಲೆ ಆಜೀವ ಸೆನೆಟರ್ ಆದ. 1990ರಲ್ಲೂ 1993ರಲ್ಲೂ ತನ್ನ ಕುಟುಂಬದ ಹಣದ ವ್ಯವಹಾರ ಕೆದಕಿದಾಗ ಪಡೆಗಳನ್ನು ಸಜ್ಜುಗೊಳಿಸಿ ಚುನಾಯಿತ ಸರ್ಕಾರವನ್ನು ಬೆದರಿಸಿದ. ಅವನ ಸಂವಿಧಾನ ತಂದ, ಚುನಾವಣೆಯಿಲ್ಲದ ನೇಮಿತ ಸೆನೆಟರ್‌ಗಳನ್ನು ತೆಗೆಯಲು 2005ರ ತಿದ್ದುಪಡಿ ಬೇಕಾಯಿತು. ಬಲಪಂಥಕ್ಕೆ ಮತಕ್ಕಿಂತ ಹೆಚ್ಚು ಸೀಟು ಕೊಡುತ್ತಿದ್ದ ಚುನಾವಣಾ ಪದ್ಧತಿ 2015ರವರೆಗೆ ಉಳಿಯಿತು. 1998ರ ಅಕ್ಟೋಬರ್‌ನಲ್ಲಿ ಸ್ಪೇನಿನ ನ್ಯಾಯಾಧೀಶನ ವಾರಂಟಿನ ಮೇಲೆ ಲಂಡನ್‌ನಲ್ಲಿ ಬಂಧನವಾದ ಮೇಲೆಯೇ ಚಿಲಿಯ ನ್ಯಾಯಾಲಯಗಳಿಗೂ ಧೈರ್ಯ ಬಂತು. ಪ್ರಾಮಾಣಿಕ ಸೈನಿಕ ಎಂಬ ಕೊನೆಯ ಬಿರುದನ್ನು 2004ರಲ್ಲಿ ಅಮೆರಿಕದ ರಿಗ್ಸ್ ಬ್ಯಾಂಕಿನ ಗುಪ್ತ ಖಾತೆಗಳು ಕಿತ್ತುಕೊಂಡವು.

ಇಲ್ಲಿ ನನ್ನ ಕಡೆಯವರ ಮೇಲೂ ದೂರಿದೆ. 1990ರಲ್ಲಿ ಅಧಿಕಾರಕ್ಕೆ ಬಂದ ಮಧ್ಯ-ಎಡ ಕೂಟದವರು, ತಮ್ಮನ್ನು ಅಲ್ಲಿಗೆ ಮುಟ್ಟಿಸಿದ ಸಂಘಗಳಿಗೆ 'ಇನ್ನು ಮನೆಗೆ ಹೋಗಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ' ಎಂದಂತೆಯೇ ನಡೆದುಕೊಂಡರು. ಅಧ್ಯಕ್ಷ ಐಲ್ವಿನ್ ಸಾಧ್ಯವಾದಷ್ಟು ಮಟ್ಟಿಗೆ ನ್ಯಾಯ ಎಂದ. ಸಾಧ್ಯವಾದದ್ದು ಬಹಳ ಕಡಿಮೆ. ದಾನಿಗಳ ಹಣ ಸಂಘಗಳನ್ನು ಬಿಟ್ಟು ಸರ್ಕಾರದ ಕಡೆ ತಿರುಗಿತು, 1992ರಲ್ಲಿ ವಿಕರೀಯ ಬಾಗಿಲು ಹಾಕಿತು. ಸರ್ವಾಧಿಕಾರದ ಸೆನ್ಸಾರನ್ನು ಎದುರಿಸಿ ಬದುಕಿದ್ದ 'ಅನಾಲಿಸಿಸ್', 'ಅಪ್ಸಿ', 'ಲಾ ಎಪೊಕಾ' ಪತ್ರಿಕೆಗಳು ಪ್ರಜಾಪ್ರಭುತ್ವದ ಮೊದಲ ದಶಕದಲ್ಲಿ ಒಂದೊಂದಾಗಿ ಸತ್ತವು. 1984ರ ಸರ್ವಾಧಿಕಾರದ ಭಯೋತ್ಪಾದನಾ ವಿರೋಧಿ ಕಾಯ್ದೆಯನ್ನು ಭೂಮಿ ಕೇಳಿದ ಮಾಪುಚೆ ಆದಿವಾಸಿಗಳ ಮೇಲೆ ಪ್ರಯೋಗಿಸಿದವರು ಚುನಾಯಿತ ಸರ್ಕಾರದವರೇ.

ಮೂವತ್ತು ವರ್ಷ ಶಾಂತವಾಗಿದ್ದ ದೇಶವನ್ನು 2019ರಲ್ಲಿ ಚಳವಳಿಗಾರರು ಸುಟ್ಟರು ಎಂಬ ಆರೋಪಕ್ಕೆ ಈ ಹಿನ್ನೆಲೆ ಬೇಕು. 2006ರಲ್ಲಿ ಶಾಲಾ ಮಕ್ಕಳು, 2011ರಲ್ಲಿ ಕಾಲೇಜು ವಿದ್ಯಾರ್ಥಿಗಳು ಶಿಕ್ಷಣದ ದುಬಾರಿ ಶುಲ್ಕದ ವಿರುದ್ಧ ಬೀದಿಗಿಳಿದಿದ್ದರು; ಕೇಳಿದ್ದರಲ್ಲಿ ಅರೆಬರೆ ಸಿಕ್ಕಿತ್ತು. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ದರ 30 ಪೆಸೊ ಏರಿದ್ದು ನೆಪ. ಮೆಟ್ರೊ ನಿಲ್ದಾಣಗಳಿಗೆ ಬೆಂಕಿ ಬಿದ್ದದ್ದು, ಚರ್ಚುಗಳು ಸುಟ್ಟದ್ದು ನಿಜ, ಅದನ್ನು ಸಮರ್ಥಿಸಲಾರೆ. ಪೊಲೀಸರ ಪೆಲೆಟ್ ಗುಂಡುಗಳಿಂದ ನೂರಾರು ಮಂದಿಯ ಕಣ್ಣಿಗೆ ಗಾಯವಾದದ್ದೂ, ಅಕ್ಟೋಬರ್ 25ರಂದು ಸ್ಯಾಂಟಿಯಾಗೊದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಶಾಂತವಾಗಿ ಸೇರಿದ್ದೂ ಅಷ್ಟೇ ನಿಜ.

ಹಳೆಯದನ್ನು ಮರೆತು ಮುಂದೆ ಹೋಗಿ ಎನ್ನುವವರಿಗೆ ಉತ್ತರ ಚಿಕ್ಕದು. 1978ರಲ್ಲಿ ಸೇನೆ ತನಗೆ ತಾನೇ ಕ್ಷಮಾದಾನ ಕೊಟ್ಟುಕೊಂಡಿತ್ತು. ಶವ ಸಿಗುವವರೆಗೆ ಅಪಹರಣ ಮುಗಿದಿಲ್ಲ, ಮುಗಿಯದ ಅಪರಾಧಕ್ಕೆ ಕ್ಷಮೆ ಅನ್ವಯಿಸದು ಎಂದು ನ್ಯಾಯಾಲಯಗಳು 1990ರ ದಶಕದ ಕೊನೆಯಲ್ಲಿ ಹೇಳಿದವು. ಗುಪ್ತ ಪೊಲೀಸ್ ಮುಖ್ಯಸ್ಥ ಮನುಯೆಲ್ ಕೊಂತ್ರೇರಾಸ್ 500 ವರ್ಷ ಮೀರಿದ ಶಿಕ್ಷೆಗಳನ್ನು ಹೊತ್ತು 2015ರಲ್ಲಿ ಸತ್ತ. ಆ ಕಾಲದ ತಪ್ಪುಗಳಿಗೆ ಸಂಸ್ಥೆಯಾಗಿ ಸೇನೆಯೇ ಹೊಣೆ ಎಂದು 2004ರಲ್ಲಿ ಆಗಿನ ಸೇನಾ ಮುಖ್ಯಸ್ಥ ಒಪ್ಪಿಕೊಂಡ. 2023ರಲ್ಲಿ ಕಾಣೆಯಾದವರನ್ನು ಹುಡುಕುವ ಸರ್ಕಾರದ ಶೋಧ ಯೋಜನೆ ಆರಂಭವಾದಾಗ ಪಟ್ಟಿಯಲ್ಲಿದ್ದವರು 1,469; ಅವರಲ್ಲಿ 1,162 ಮಂದಿಯ ಅವಶೇಷ ಸಿಕ್ಕಿರಲಿಲ್ಲ. ಅವರ ಮನೆಯವರಿಗೆ ಮರೆವಿನ ಉಪದೇಶ ಮಾಡಲು ನಮಗೆ ಯಾವ ಹಕ್ಕೂ ಇಲ್ಲ.

ಉಳಿದದ್ದು 'ಇತಿಹಾಸದ ತೀರ್ಪು'. 2019ರ ಪ್ರತಿಭಟನೆಯಿಂದ ಹುಟ್ಟಿದ, ಎಡಪಂಥೀಯರ ಕೈ ಮೇಲಾಗಿದ್ದ ಹೊಸ ಸಂವಿಧಾನದ ಕರಡನ್ನು 2022ರ ಸೆಪ್ಟೆಂಬರ್‌ನಲ್ಲಿ ಶೇ. 62ರಷ್ಟು ಜನ ತಿರಸ್ಕರಿಸಿದರು. ಅದು ಪಿನೊಚೆಯ ಮೇಲಿನ ಪ್ರೀತಿಯಾದರೆ, 2023ರ ಡಿಸೆಂಬರ್‌ನಲ್ಲಿ ಕಾಸ್ತ್ ಅವರ ಪಕ್ಷದ ಮುಂದಾಳುತನದಲ್ಲಿ ಬರೆದ ಕರಡನ್ನೂ ಶೇ. 55ಕ್ಕಿಂತ ಹೆಚ್ಚು ಮಂದಿ ತಿರಸ್ಕರಿಸಿದ್ದಕ್ಕೆ ಏನೆನ್ನುವುದು? ಎರಡು ಕಡೆಯವರೂ ತಮ್ಮ ಆಸೆಯನ್ನೆಲ್ಲ ಸಂವಿಧಾನಕ್ಕೆ ತುರುಕಲು ಹೋದರು, ಮತದಾರರು ಇಬ್ಬರಿಗೂ ಬೇಡ ಎಂದರು. ಈಗ ಜಾರಿಯಲ್ಲಿರುವ ಸಂವಿಧಾನವೂ ಎಷ್ಟೋ ತಿದ್ದುಪಡಿ ಕಂಡದ್ದು. 2005ರಿಂದ ಅದರ ಮೇಲಿರುವುದು ಅಧ್ಯಕ್ಷ ಲಾಗೋಸ್ ಸಹಿ, ಪಿನೊಚೆಯದಲ್ಲ.

ಕಾಸ್ತ್ ಗೆದ್ದದ್ದು ಅಪರಾಧ ಮತ್ತು ವಲಸೆಯ ಭಯದ ಮೇಲೆ. ಅವರ ರಾಜಕೀಯ ನನಗೆ ಹಿಡಿಸುವುದಿಲ್ಲ. ಆದರೆ ಅವರೆದುರು ನಿಂತು ಸೋತ ಜನೆಟ್ ಹಾರಾ ಯಾರೆಂದು ನೋಡಿ: ಕಮ್ಯುನಿಸ್ಟ್ ಪಕ್ಷದ ಸದಸ್ಯೆ. 1973ರಲ್ಲಿ ಆ ಪಕ್ಷದ ಸದಸ್ಯತ್ವವೇ ಸಾವಿಗೆ ಸಾಕಾಗಿತ್ತು. 2025ರಲ್ಲಿ ಅದೇ ಪಕ್ಷದವರು ಅಧ್ಯಕ್ಷ ಪದವಿಗೆ ಸ್ಪರ್ಧಿಸಿ, ಸೋತು, ಅದೇ ರಾತ್ರಿ ಗೆದ್ದವರನ್ನು ಅಭಿನಂದಿಸಿ ಮನೆಗೆ ಹೋದರು. ಕಾಸ್ತ್ ಅವಧಿ ನಾಲ್ಕು ವರ್ಷ. ಬೆನ್ನಿಗೇ ಇನ್ನೊಂದು ಸಲ ನಿಲ್ಲಲು ಸಂವಿಧಾನ ಬಿಡುವುದಿಲ್ಲ. ಮಿಲಿಟರಿ ಆಡಳಿತ ಬೇಕೆನ್ನುವ ಮಿತ್ರರು ಚಿಲಿಯನ್ನೇ ಉದಾಹರಣೆಯಾಗಿ ಕೊಡುವುದಾದರೆ, ಅಲ್ಲಿನ ಯಾವ ರಾತ್ರಿ ತಮಗೆ ಬೇಕು ಎಂಬುದನ್ನೂ ಸೇರಿಸಿ ಹೇಳಲಿ: 1973ರದ್ದೋ, 2025ರದ್ದೋ.